ಉರುಕುಂದಪ್ಪನ ಮಾಳಿಗೆಯ ಗಾಳಿಯಂತ್ರ

ಉರುಕುಂದಪ್ಪನ ಮುತ್ತಜ್ಜ ದುರುಗಣ್ಣ ಆದೋನಿ ಕೋಟೆಯಿಂದ ಫಿರಂಗಿ ಗುಂಡೊಂದನ್ನು ಹೆಗಲ ಮೇಲೆ ಹೊತ್ತು ತನ್ನೂರು ಪೆದ್ದಹರಿವಾಣಕ್ಕೆ ತಂದವನು. ಯಾಕೆ ತಂದನೆಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಅಜ್ಜ ಪಂಪಣ್ಣ ತುಂಬಿದ ತುಂಗಭದ್ರೆಯನ್ನು ಈಜಿ ದಾಟಿದವನು. (ದಾಟಿದ ಮೇಲೆ ಆ ದಡದಲ್ಲಿ ತನಗೇನೂ ಕೆಲಸವಿಲ್ಲವೆಂದು ನೆನಪಾಗಿ ಮತ್ತೆ ಈಜಿ ಬಂದನಂತೆ.) ಅಪ್ಪ ಯಂಕಣ್ಣ, ಕಲೆಕ್ಟರು ಕುರ್ಚಿ ಕೊಟ್ಟರೆ ನಿಂತು ಮಾತಾಡಿದವನು, ಕೊಡದಿದ್ದರೆ ನೆಲದ ಮೇಲೆ ಕೂತು ಮಾತಾಡಿದವನು.

ಇಂಥ ವಂಶದ ಕುಡಿಯಾದ ಉರುಕುಂದಪ್ಪನಿಗೆ ಯಾವ ಸಾಹಸಕ್ಕೂ ಪುರುಸೊತ್ತಾಗಿರಲಿಲ್ಲ. ಲೋಕವನ್ನು ಹಳಿಯುವ ಕೆಲಸವೇ ಕೈತುಂಬ ಇತ್ತು. ಕರ್ನೂಲನ್ನು ರಾಜಧಾನಿ ಮಾಡಿಕೊಂಡು ಡೇರೆ ಹೊಡೆದು ಕೂತ ಆಂಧ್ರದ ಹೊಸ ಸರ್ಕಾರ, ಆದೋನಿಯ ಹತ್ತಿ ಮಿಲ್ಲಿನ ಕೂಗು, ಇನ್ನೂ ಊರಿಗೇ ಬಾರದ ಕರೆಂಟು, ಹೆಂಡತಿ ಹುಲುಗಮ್ಮನ ಸಾರು, ಎಲ್ಲವನ್ನೂ ಕಟ್ಟೆಯ ಮೇಲೆ ಕೂತೇ ತೂಗಿ ಬಿಸಾಡುತ್ತಿದ್ದ.

ಅವನ ಅಕ್ಕನ ಮಗ ಆಂಜಿನಪ್ಪ ದೂರದ ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಕೊನೆಯ ವರ್ಷದ ಹುಡುಗರು ಒಬ್ಬೊಬ್ಬ ಪ್ರೊಫೆಸರರ ಕೈಕೆಳಗೆ ಏನಾದರೊಂದು ಸಂಶೋಧನೆ ಮಾಡಿ ತೋರಿಸಬೇಕು. ಆಂಜಿನಪ್ಪ ಗಾಳಿಯ ಶಕ್ತಿಯಿಂದ ಬೀಸುಕಲ್ಲು ತಿರುಗಿಸುತ್ತೇನೆಂದ. ಅವನ ಪ್ರೊಫೆಸರು ಪ್ರಹ್ಲಾದರಾಯರು, "ನಿಮ್ಮ ಸೀಮೆಯ ಗಾಳಿಗೆ ಅಷ್ಟು ಕಸುವಿಲ್ಲಪ್ಪ" ಎಂದರಂತೆ.

ಈ ಮಾತು ಕಿವಿಗೆ ಬಿದ್ದದ್ದೇ ತಡ, ಉರುಕುಂದಪ್ಪ ಕಟ್ಟೆಯಿಂದ ಇಳಿದ. (ಊಟದ ಹೊತ್ತು ಬಿಟ್ಟರೆ ಅವನು ಇಳಿಯುವುದು ಅಪರೂಪ.)

"ಕಸುವಿಲ್ಲ ಅಂದಾನ? ಆಷಾಢದಾಗ ಎಮ್ಮಿ ಕಟ್ಟಿದ ಗೂಟ ಕಿತ್ತು ಹೋಗತೈತಿ ಇಲ್ಲಿ. ಆ ಮನಿಷಾ ಗಾಳಿ ನೋಡಿದ್ದು ಫ್ಯಾನಿನ ಕೆಳಗ ಕುಂತು. ಕಟ್ಟಲೇ ನಿನ್ನ ಯಂತ್ರ, ನಮ್ಮ ಮಾಳಗಿ ಮ್ಯಾಲೇ ಕಟ್ಟು."

"ಬೀಸುಕಲ್ಲು ಯಾರದ್ರಿ?" ಎಂದಳು ಹುಲುಗಮ್ಮ ಒಳಗಿನಿಂದ.

"ನಮ್ಮದ."

"ನಮ್ಮದು ಅಂದ್ರ ನಂದು. ನೀವು ಅದರ ಮಕಾ ಯಾವಾಗ ನೋಡೀರಿ?"

"ಗಂಡಸಾದಾಂವ ಬೀಸುಕಲ್ಲಿನ ಮಕಾ ನೋಡಂಗಿಲ್ಲ. ಗಪ್ಪ ಕುಂಡ್ರು."

ಹುಲುಗಮ್ಮ ಗಪ್ಪನೆ ಕೂತಳು, ಆದರೆ ಗಂಡನ ಮಾತಿಗೆ ಹೆದರಿಯಲ್ಲ. ಮಗಳು ಗುರುಲಿಂಗಮ್ಮನನ್ನು ಆಂಜಿನಪ್ಪನಿಗೇ ಕೊಡುವುದೆಂದು ಮಾತಾಗಿತ್ತು. ಹುಡುಗ ಪಾಸಾಗದೆ ಅಕ್ಷತೆ ಹಾಕುವುದಿಲ್ಲವೆಂದು ಅವನ ತಾಯಿ ಹಟ ಹಿಡಿದಿದ್ದಳು. ಈ ಯಂತ್ರ ತಿರುಗಿದರೆ ಮದುವೆ, ಇಲ್ಲದಿದ್ದರೆ ಮತ್ತೊಂದು ವರ್ಷ ಕಾಯಬೇಕು.

ಮಾಳಿಗೆಯ ಬೆಳಕಿಂಡಿಯಿಂದ ಅಡಿಗೆಮನೆಗೆ ಉದ್ದನೆಯ ಕಂಬವೊಂದನ್ನು ಇಳಿಸಿ, ಅದರ ಬುಡವನ್ನು ಬೀಸುಕಲ್ಲಿನ ಮೇಲುಗಲ್ಲಿಗೆ ಬಿಗಿದರು. ಕಂಬದ ತುದಿಗೆ ಎಮ್ಮಿಗನೂರಿನ ದಪ್ಪ ಬಟ್ಟೆಯ ನಾಲ್ಕು ಜೋಳಿಗೆ. ಗಾಳಿ ಜೋಳಿಗೆಯ ಬಾಯಿಗೆ ಹೊಕ್ಕರೆ ಕಂಬ ತಿರುಗಬೇಕು, ಕಂಬ ತಿರುಗಿದರೆ ಕಲ್ಲೂ ತಿರುಗಬೇಕು. ಆಷಾಢದಲ್ಲಿ ಅದು ಎಷ್ಟು ಜೋರಾಗಿ ತಿರುಗಿತೆಂದರೆ ಜೋಳದ ಹಿಟ್ಟು ಗೋಡೆಗೆಲ್ಲ ಮೆತ್ತಿತು. ಉರುಕುಂದಪ್ಪ ಊರತುಂಬ ಸಾರಿಕೊಂಡು ಬಂದ: "ಬರಲಿ ಆ ಪ್ರೊಫೆಸರು."

ಪ್ರೊಫೆಸರು ಆಷಾಢದಲ್ಲಿ ಬರಲಿಲ್ಲ, ಶ್ರಾವಣದಲ್ಲೂ ಬರಲಿಲ್ಲ. (ದೊಡ್ಡ ಓದು ಓದಿದವರಿಗೆ ಪಂಚಾಂಗವೊಂದು ಬಿಟ್ಟು ಉಳಿದದ್ದೆಲ್ಲ ಗೊತ್ತಿರುತ್ತದೆ.) ಮಂತ್ರಾಲಯದಲ್ಲಿ ದರ್ಶನ ಮುಗಿಸಿಕೊಂಡು, ಕೊಡೆ ಹಿಡಿದು ಬಂದದ್ದು ಆಶ್ವೀಜದಲ್ಲಿ. ಅವತ್ತು ಬೆಳಿಗ್ಗೆ ಗಾಳಿ ಸತ್ತಿತ್ತು. ಒಲೆಯ ಹೊಗೆ ಕಂಬ ನೆಟ್ಟಂತೆ ನೇರ ನಿಂತಿತ್ತು. ಮಾಳಿಗೆಯ ಮೇಲೆ ಜೋಳಿಗೆಗಳು ಬಾವಲಿಗಳ ಹಾಗೆ ಜೋತು ಬಿದ್ದಿದ್ದವು.

"ಇದು ತಿರುಗೋದು ಯಾವಾಗಪ್ಪ?" ಎಂದರು ರಾಯರು, ಏಣಿ ಹತ್ತಿದ ದಣಿವಿನಲ್ಲಿ.

"ಗಾಳಿ ಇನ್ನೇನು ಬರತೈತಿ ಸಾರ್," ಎಂದ ಆಂಜಿನಪ್ಪ.

"ಬಾರದಿದ್ರೆ ಮುಂದಿನ ವರ್ಷ ಬೇರೆ ವಿಷಯ ತಗೋ."

ಬೆಳಕಿಂಡಿಯಿಂದ ಈ ಮಾತು ಕೆಳಗಿಳಿಯಿತು. ಹುಲುಗಮ್ಮ ಗಂಡನ ಮುಖ ನೋಡಿದಳು.

"ಕರೀರಿ ಈಗ, ಗೂಟ ಕೀಳೋ ನಿಮ್ಮ ಗಾಳಿನ."

ಉರುಕುಂದಪ್ಪ ಅಡಿಗೆಮನೆಯ ಅಗುಳಿ ಹಾಕಿ, ಧೋತರ ಎತ್ತಿ ಕಟ್ಟಿ, ಬೀಸುಕಲ್ಲಿನ ಮುಂದೆ ಕೂತ. ಗೂಟ ಹಿಡಿದು ಬಲವಾಗಿ ನೂಕಿದ. ಗಾಳಿಯಿಂದ ಕಲ್ಲು ತಿರುಗುವುದಾದರೆ ಕಲ್ಲಿನಿಂದ ಜೋಳಿಗೆ ತಿರುಗದೇನು?

"ಆಂಜಿನಪ್ಪ, ಇದು ಹಿಂದಕ್ಕೆ ತಿರುಗ್ತಾ ಇದೆಯಲ್ಲಯ್ಯ," ಎಂದರು ಮೇಲೆ ರಾಯರು.

"ಆ ಕಡೆ ಅಲ್ರಿ," ಎಂದು ಪಿಸುಗುಟ್ಟಿದಳು ಕೆಳಗೆ ಹುಲುಗಮ್ಮ. "ಐವತ್ತು ವರ್ಷ ರೊಟ್ಟಿ ತಿಂದೀರಿ, ಕಲ್ಲು ಯಾವ ಕಡೆ ತಿರಗತೈತಂತ ತಿಳೀದೇನ?"

ಉರುಕುಂದಪ್ಪ ದಿಕ್ಕು ಬದಲಿಸಿದ. ಮೇಲೆ ಜೋಳಿಗೆಗಳೂ ವಿಧೇಯವಾಗಿ ಬದಲಿಸಿದವು.

"ಗಾಳಿ ಹೊಳ್ಳಿತು ಸಾರ್," ಎಂದ ಆಂಜಿನಪ್ಪ, ನೆಲ ನೋಡುತ್ತ.

ರಾಯರು ಕರವಸ್ತ್ರ ತೆಗೆದು ಮೇಲೆ ಹಿಡಿದರು. ಅದು ಕದಲಲಿಲ್ಲ. ಬೆಳಕಿಂಡಿಗೆ ಕಿವಿಯಿಟ್ಟರು. "ಯಂತ್ರ ಏದುಸಿರು ಬಿಡ್ತಿದೆಯಲ್ಲ?"

"ಎಣ್ಣಿ ಹಾಕಿಲ್ಲ ಸಾರ್."

"ಹಾಗೋ," ಎಂದು ರಾಯರು ಕೊಡೆ ಬಿಡಿಸಿ ಮಾಳಿಗೆಯ ಮೇಲೇ ಕೂತರು. ಆಮೇಲೆ ಕೆಳಗಿನವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು: "ಗಾಳಿಯಿಲ್ಲದೆ ತಿರುಗೋ ಗಾಳಿಯಂತ್ರ ನಾನು ಎಲ್ಲೂ ಕಂಡಿಲ್ಲ. ಹೊತ್ತು ಮುಳುಗೋವರೆಗೂ ನಿಲ್ಲದೆ ತಿರುಗಿದ್ರೆ ನೀನು ಪಾಸು. ನಡುವೆ ನಿಂತರೆ ಇಲ್ಲ. ನನಗೇನೂ ಅವಸರವಿಲ್ಲ."

ಸೂರ್ಯ ಇನ್ನೂ ನೆತ್ತಿಗೂ ಬಂದಿರಲಿಲ್ಲ.

ಹುಲುಗಮ್ಮ ಬೊಗಸೆ ತುಂಬ ಜೋಳ ತಂದು ಕಲ್ಲಿನ ಬಾಯಿಗೆ ಸುರಿದಳು. ಕಲ್ಲು ಒಮ್ಮೆಲೇ ಭಾರವಾಯಿತು.

"ಏ, ಇದ್ಯಾಕ?" ಎಂದ ಉರುಕುಂದಪ್ಪ, ಹಲ್ಲು ಕಚ್ಚಿ.

"ಬರೇ ಕಲ್ಲು ತಿರಗಿಸಿದ್ರ ಅದರ ಹಲ್ಲು ಸವೀತಾವ. ಹೆಂಗಿದ್ರೂ ತಿರಗಸ್ತೀರಿ, ನಾಳಿನ ರೊಟ್ಟಿಗಾರ ಆಗಲಿ."

ಸ್ವಲ್ಪ ಹೊತ್ತಿಗೆ ಅವನ ಮೀಸೆ ಹಿಟ್ಟಿನಿಂದ ಬೆಳ್ಳಗಾಯಿತು, ಬೆವರಿನಿಂದ ಆ ಹಿಟ್ಟೂ ಕಣಕವಾಯಿತು. ಅಂಗೈಯಲ್ಲಿ ಬೊಬ್ಬೆ ಎದ್ದವು. ತೋಳು ತನ್ನದೋ ಪಕ್ಕದ ಮನೆಯವರದೋ ತಿಳಿಯದಾಯಿತು. ಕೊನೆಗೆ ಹುಲುಗಮ್ಮನಿಗೇ ನೋಡಲಾಗಲಿಲ್ಲ. ಸೆರಗು ಸಿಕ್ಕಿಸಿ ಎದುರಿಗೆ ಬಂದು ಕೂತು ಗೂಟಕ್ಕೆ ಕೈ ಚಾಚಿದಳು.

"ಬಿಡ್ರಿ, ನಾ ತಿರಗಸ್ತೀನಿ. ನನಗಿದು ದಿನಾ ಇದ್ದದ್ದ. ನೀವು ಗ್ವಾಡಿಗೆ ಒರಗಿ ಸುಮ್ಕ ಕುಂಡ್ರಿ."

"ಮುಟ್ಟಬ್ಯಾಡ," ಎಂದ ಉರುಕುಂದಪ್ಪ. "ಈಗ ಗಾಳಿ ಅಂದ್ರ ನಾನ. ಗಾಳಿಗೆ ಯಾರಾರ ಕೈ ಹಚ್ಚತಾರೇನ? ನೀ ಆ ಕಡೆ ಸರಿ."