ಅನ್ನಕ್ಕೆ ಮೊದಲು ಐಸ್

ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಪೈಕಿಯವನು ವಾಸಿಸ್. ಅಂತರ್ಜಾಲದಲ್ಲಿ ಯಾವ ತಂತ್ರಾಂಶ ಬಿಟ್ಟಿ ಕಂಡರೂ ತನ್ನ ಹಳೆಯ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುತ್ತಿದ್ದ. ಹಾಗೆ ಇಳಿಸಿಕೊಂಡವುಗಳಲ್ಲಿ ಒಂದು, ಹವಾಮಾನ ರಡಾರಿನ ಮಾಹಿತಿಯನ್ನು ಚಿತ್ರ ಮಾಡಿ ತೋರಿಸುವಂಥದು. ಯಾವುದೋ ದೂರದೇಶದವರು ಮಾಡಿ, ಬೇಕಾದವರು ಬಳಸಿಕೊಳ್ಳಿ ಎಂದು ಬಿಟ್ಟಿದ್ದರು. ರಡಾರಿನ ಕಡತವನ್ನು ಅದಕ್ಕೆ ಉಣಿಸಿದರೆ ಮಳೆಯಿರುವ ಕಡೆ ಹಸಿರು, ಹಳದಿ, ಕೆಂಪು ಮಚ್ಚೆಗಳು ಮೂಡುತ್ತಿದ್ದವು. ಕೆಂಪು ಎಂದರೆ ಜಡಿಮಳೆ. ಇಷ್ಟು ಕಲಿತು ಸುಮ್ಮನಿದ್ದಿದ್ದರೆ ಅವನ ಪಾಡಿಗೆ ಅವನು ಚೆನ್ನಾಗಿರುತ್ತಿದ್ದ. ಆದರೆ ಅವನು ಪ್ರೀತಿಯಲ್ಲಿ ಬಿದ್ದಿದ್ದ.

ಹುಡುಗಿ ಪೂರ್ವಂತಿ. ಕ್ಲಾಟೆನ್ ಪಟ್ಟಣದ ಪಕ್ಕದ ನಮ್ಮ ಕೇರಿಯ ಮುಖ್ಯಸ್ಥ, ನಾವೆಲ್ಲ ಗೌರವದಿಂದ ಪಾಕ್ ಎಂದು ಕರೆಯುವ ಮಂಗುನ್ ಅವರ ಎರಡನೆಯ ಮಗಳು. ವಾಸಿಸ್ ಎರಡು ಸಲ ಮದುವೆಯ ಮಾತೆತ್ತಲು ನೋಡಿದ್ದ. ಎರಡು ಸಲವೂ ಪಾಕ್ ಮಂಗುನ್ ತಮ್ಮ ಪಂಜರದ ಹಕ್ಕಿಯ ಕಂಠದ ಬಗ್ಗೆ ಮಾತಾಡಿ ಕಳಿಸಿದ್ದರು. ಅಷ್ಟರಲ್ಲಿ ಹಿರಿಮಗಳ ಮದುವೆ ನಿಶ್ಚಯವಾಯಿತು. ಹಿರಿಯರು ಗಂಡುಹೆಣ್ಣು ಹುಟ್ಟಿದ ದಿನಗಳನ್ನು ಕೂಡಿ ಕಳೆದು ಹುಡುಕಿದ ಒಳ್ಳೆಯ ದಿನ ಬಂದು ಬಿದ್ದದ್ದು ಜನವರಿಯಲ್ಲಿ. ಜನವರಿ ಎಂದರೆ ನಮ್ಮಲ್ಲಿ ನಟ್ಟನಡು ಮಳೆಗಾಲ, ಕೊಡೆಯಿಲ್ಲದೆ ಬೆಕ್ಕು ಕೂಡ ಹೊರಗೆ ಹೋಗುವುದಿಲ್ಲ. ಅಂಗಳದ ತುಂಬ ತಗಡು ಹಾಕಿಸಲೋ ಏನೋ ಎಂದು ಪಾಕ್ ಮಂಗುನ್ ಕೇರಿಯ ಸಭೆಯಲ್ಲಿ ಪೇಚಾಡುತ್ತಿದ್ದಾಗ ವಾಸಿಸ್ ಎದ್ದು ನಿಂತ.

"ತಗಡು ಯಾಕೆ ಪಾಕ್? ದನದ ಕೊಟ್ಟಿಗೆ ಥರ ಕಾಣುತ್ತೆ. ಹೂವಿನ ಬಟ್ಟೆ ಶಾಮಿಯಾನ ಹಾಕ್ಸಿ. ಮಳೆ ಎಲ್ಲಿದೆ, ಯಾವಾಗ ಬರುತ್ತೆ ಅಂತ ನನ್ನ ರಡಾರು ಮುಂಚೆನೇ ಹೇಳುತ್ತೆ. ಅದಕ್ಕೆ ತಕ್ಕ ಹಾಗೆ ಕಾರ್ಯ ಹಿಂದೆ ಮುಂದೆ ಮಾಡ್ಕೊಂಡ್ರಾಯ್ತು."

ಪಾಕ್ ಮಂಗುನ್ ಅವನನ್ನು ಮೇಲಿಂದ ಕೆಳಗೆ ನೋಡಿದರು. "ನೋಡಪ್ಪಾ, ಐಸ್ ಬರೋವರೆಗೆ ನನ್ನ ಅತಿಥಿಗಳ ತಲೆ ಮೇಲೆ ಒಂದು ಹನಿ ಬೀಳಬಾರದು. ಅಷ್ಟು ನಡೆಸಿಕೊಡು. ಸೋಮವಾರ ನಿಮ್ಮಪ್ಪ ಅಮ್ಮನ್ನ ಕರ್ಕೊಂಡು ಬಾ, ಕೂತು ಮಾತಾಡೋಣ."

ಐಸ್ ಬರುವವರೆಗೆ ಎಂದರೆ ಊಟ ಮುಗಿಯುವವರೆಗೆ. ನಮ್ಮ ಕಡೆ ಮದುವೆಗೆ ಬಂದವರು ಸಾಲು ಕುರ್ಚಿಯಲ್ಲಿ ಕೂರುತ್ತಾರೆ, ಕೇರಿಯ ಹುಡುಗರು ಹರಿವಾಣ ಹೊತ್ತು ತಂದು ಕೈಗೆ ಕೊಡುತ್ತಾರೆ. ಮೊದಲು ಸಿಹಿ ಚಹಾ, ತಿಂಡಿ. ಆಮೇಲೆ ಸೂಪು, ಆಮೇಲೆ ಅನ್ನ, ಕೊನೆಗೆ ತೆಂಗಿನ ಹಾಲಿನ ಐಸ್. ಐಸ್ ತಿಂದವರು ಅಂಗಿ ಸರಿಮಾಡಿಕೊಂಡು ಎದ್ದು, ಬಾಗಿಲಲ್ಲಿ ಗಂಡುಹೆಣ್ಣಿನ ಕೈಮುಟ್ಟಿ ಮನೆಗೆ ಹೋಗಬೇಕು. ಹೋಗಿ ಎಂದು ಬಾಯಿಬಿಟ್ಟು ಹೇಳುವ ಒರಟುತನ ನಮ್ಮಲ್ಲಿಲ್ಲ. ಅದನ್ನು ಐಸ್ ಹೇಳುತ್ತದೆ.

ಪಾಕ್ ಮಂಗುನ್ ಪೂರ್ತಿ ರಡಾರನ್ನೇ ನಂಬಿ ಕೂರುವ ಆಸಾಮಿಯಲ್ಲ. ಮಳೆ ಬೀಳದಂತೆ ಮೋಡವನ್ನು ಹಿಡಿದು ನಿಲ್ಲಿಸುವ ಕ್ರೊಮೊ ಅಜ್ಜನಿಗೂ ಹೇಳಿಕಳಿಸಿದ್ದರು. ಮದುವೆಯ ದಿನ ಅಜ್ಜ ಆ ವಿದ್ಯೆಯ ನಿಯಮದಂತೆ ಸ್ನಾನ ಮಾಡದೆ ಬಂದು, ಹಿತ್ತಲಿನ ಹಲಸಿನ ಮರದಡಿ ಚಾಪೆ ಹಾಸಿ, ಕಡ್ಡಿಗೆ ಮೆಣಸಿನಕಾಯಿ ಈರುಳ್ಳಿ ಚುಚ್ಚಿ ನೆಲಕ್ಕೆ ನೆಟ್ಟು, ಲವಂಗದ ಸಿಗರೇಟು ಹಚ್ಚಿದ. ಅವನಿಂದ ಮಾರು ದೂರದಲ್ಲಿ, ಅಡಿಗೆಮನೆಯ ಜಗಲಿಯ ಮೇಲೆ, ವಾಸಿಸ್ ಲ್ಯಾಪ್‌ಟಾಪ್ ತೆರೆದ.

"ಎಷ್ಟು ಹೊತ್ತು ಹಿಡೀತೀರಿ ಅಜ್ಜಾ?"

"ಒಪ್ಕೊಂಡಿರೋದು ಐಸ್ ಬರೋವರೆಗೆ. ನಿನ್ನ ಪೆಟ್ಟಿಗೆ ಎಷ್ಟು ಹೊತ್ತು ಹಿಡಿಯುತ್ತೆ?"

"ಇದು ಹಿಡಿಯೋದಿಲ್ಲ ಅಜ್ಜಾ. ಬರೀ ನೋಡುತ್ತೆ."

"ನೋಡೋದಕ್ಕೆ ಕರೆಂಟು ಬೇಕಾ? ನಮಗೆಲ್ಲ ಕಣ್ಣು ಸಾಕಾಗ್ತಿತ್ತು."

ಪೂರ್ವಂತಿ ಚಹಾ ತಂದಿಟ್ಟು, ತನಗಿಂತ ದೊಡ್ಡ ಹುಡುಗರನ್ನು ನಮ್ಮಲ್ಲಿ ಗೌರವದಿಂದ ಕರೆಯುವಂತೆ, "ಮಾಸ್, ಅಪ್ಪ ಬೆಳಿಗ್ಗೆಯಿಂದ ಎಲ್ಲರಿಗೂ ಹೇಳ್ತಿದಾರೆ, ಇವತ್ತು ಆಕಾಶದ ವಿಷಯದಲ್ಲಿ ವಾಸಿಸ್ ಏನು ಹೇಳ್ತಾನೋ ಹಾಗೇ ಮಾಡಿ ಅಂತ. ಮರ್ಯಾದೆ ಉಳಿಸಿ," ಎಂದು ಪಿಸುಗುಟ್ಟಿದಳು. ಅದನ್ನು ಕೇಳಿದ ಮೇಲೆ ವಾಸಿಸ್‌ಗೆ ಕೂತಲ್ಲಿ ಕೂರಲಾಗಲಿಲ್ಲ. ಒಂದು ಕಣ್ಣು ಪರದೆಯ ಮೇಲೆ, ಒಂದು ಕಣ್ಣು ಆಕಾಶದ ಮೇಲೆ. ನಿಂತ, ಕೂತ, ಮತ್ತೆ ನಿಂತ. ಚಹಾ ಆರಿಹೋಯಿತು.

ಮೊದಲ ಅವಾಂತರ ಪಕ್ಕದ ಮನೆಯ ಬು ತುಮಿರಾ ರೂಪದಲ್ಲಿ ಬಂತು. ಬು ಎಂದರೆ ಅಮ್ಮ. ಈ ಅಮ್ಮನಿಗೆ ಕೇರಿಯ ಯಾವ ಪಾತ್ರೆಯ ಮುಚ್ಚಳವನ್ನೂ ಎತ್ತಿ ನೋಡದೆ ಇರಲಾಗದು. ಅವನ ಭುಜದ ಮೇಲಿಂದ ಪರದೆಗೆ ಇಣುಕಿದಳು.

"ಲೇ ವಾಸಿಸ್, ನಮ್ಮ ಪಕ್ಕದಲ್ಲೇ ಕೆಂಪಗಿದೆಯಲ್ಲೋ."

"ಅದು ಮಳೆ ಅಲ್ಲ ಬು. ಮೆರಾಪಿ ಬೆಟ್ಟ. ರಡಾರಿನ ಅಲೆ ಬೆಟ್ಟಕ್ಕೆ ಬಡಿದು ವಾಪಸ್ಸು ಬಂದ್ರೆ ಹಾಗೆ ಕಾಣುತ್ತೆ."

"ಬೆಟ್ಟ ನೋಡೋಕೆ ಇಷ್ಟೆಲ್ಲ ಯಾಕೋ? ಆ ಕಡೆ ತಿರುಗಿದ್ರೆ ಕಾಣುತ್ತೆ."

ಅಷ್ಟಕ್ಕೆ ಸುಮ್ಮನಾದಳೇ? ಬೆಟ್ಟ ಕೆಂಪಗಾಗಿದೆಯಂತೆ ಎಂದು ಅಡಿಗೆಮನೆಯಲ್ಲಿ ಹೇಳಿದಳು. ಮಾತು ಅಡಿಗೆಮನೆಯಿಂದ ನಡುಮನೆಗೆ, ನಡುಮನೆಯಿಂದ ಅಂಗಳಕ್ಕೆ ಹೋಗುವಷ್ಟರಲ್ಲಿ ಜ್ವಾಲಾಮುಖಿ ಮೆರಾಪಿ ಬೆಂಕಿ ಉಗುಳಿಯಾಗಿತ್ತು. ಗಂಡಿನ ಸೋದರಮಾವ ಮನೆಗೆ ಫೋನು ಮಾಡಿ, ಬೂದಿ ಬೀಳುವ ಮುಂಚೆ ಕಿಟಕಿ ಮುಚ್ಚಿ, ಆಡು ಒಳಗೆ ಕಟ್ಟಿ ಎಂದು ಅಪ್ಪಣೆ ಕೊಟ್ಟುಬಿಟ್ಟ. ಪಾಕ್ ಮಂಗುನ್ ಬೀಗರೆದುರು ನಗುನಗುತ್ತಲೇ ಎದ್ದು, ಹಿತ್ತಲಿಗೆ ಬಂದ ಮೇಲೆ ನಗು ತೆಗೆದರು.

"ನಿನಗೆ ಮಳೆ ನೋಡು ಅಂದೆ. ಬೆಟ್ಟ ಯಾರು ನೋಡು ಅಂದ್ರು?"

"ಇನ್ನು ಮಳೆನೇ ನೋಡ್ತೀನಿ ಪಾಕ್."

ಹೊಸ ಕಡತಗಳನ್ನು ಇಳಿಸಿ, ಒಂದರ ಹಿಂದೆ ಒಂದು ಓಡಿಸಿದ. ದಕ್ಷಿಣದ ಸಮುದ್ರದ ಕಡೆ ಒಂದು ಕೆಂಪು ಮುದ್ದೆ ಎದ್ದಿತ್ತು. ಚಿತ್ರ ಮುಗಿದು ಮತ್ತೆ ಮೊದಲಿನಿಂದ ಓಡಿದಂತೆಲ್ಲ ಮುದ್ದೆ ಕೇರಿಯತ್ತ ಜಿಗಿಯುವುದು, ಮತ್ತೆ ಮೊದಲಿನ ಜಾಗಕ್ಕೆ ಹೋಗುವುದು, ಮತ್ತೆ ಜಿಗಿಯುವುದು. ಬು ತುಮಿರಾ ಹಿಂದೆ ನಿಂತು, "ಈಗ ಮೂರನೇ ಸಲ ಬಂತು ನೋಡು," ಎಂದು ಎಣಿಸುತ್ತಿದ್ದಳು. ವಾಸಿಸ್ ಪರದೆಗೆ ಮೂಗು ತಾಗುವಷ್ಟು ಬಾಗಿದ. ದೂರ ಅಳೆಯೋಣ ಎಂದು ತಂತ್ರಾಂಶದ ಅಳತೆಪಟ್ಟಿ ತೆಗೆಯುವಷ್ಟರಲ್ಲಿ, ಅಂಗಳದಲ್ಲಿ ಹಾಡುಗಾರರು ಧ್ವನಿವರ್ಧಕ ಏರಿಸಿದರು. ಅನ್ನದ ಬಿಸಿಪೆಟ್ಟಿಗೆಗಳೂ ಅದೇ ತಂತಿಯಲ್ಲಿದ್ದವು. ಫಟ್ ಎಂದು ಆ ಮನೆಯ ಕರೆಂಟು ಹೋಯಿತು. ಬ್ಯಾಟರಿ ಸತ್ತು ವರ್ಷವಾಗಿದ್ದ ಲ್ಯಾಪ್‌ಟಾಪೂ ಹೋಯಿತು.

ಅವನು ಪೆಟ್ಟಿಗೆಯನ್ನು ಎದೆಗವಚಿಕೊಂಡು ಬು ತುಮಿರಾ ಮನೆಗೆ ಓಡಿದ. ಅಲ್ಲಿ ಅವಳ ಫ್ರಿಜ್ಜಿನ ತಂತಿ ಕಿತ್ತು ತನ್ನದು ಸಿಕ್ಕಿಸಿದ. ಆ ಹಳೇ ಪೆಟ್ಟಿಗೆ ಮೈಮುರಿದು ಎಚ್ಚರಾಗುವವರೆಗೆ ಕೋಣೆಯಲ್ಲೇ ಶತಪಥ ಹಾಕಿದ. ಕೊನೆಗೆ ಚಿತ್ರ ಬಂತು. ಮುದ್ದೆ ದಪ್ಪಗಾಗಿತ್ತು. ಅಳತೆಪಟ್ಟಿಯನ್ನು ಮುದ್ದೆಯಿಂದ ಕೇರಿಯವರೆಗೆ ಎಳೆದ. ಇಪ್ಪತ್ತು ಎಂದಿತು. ಹವಾಮಾನ ಕಚೇರಿಯವರು ಮೋಡಗಳು ಗಂಟೆಗೆ ನಲವತ್ತು ಕಿಲೋಮೀಟರು ಓಡುತ್ತಿವೆ ಎಂದಿದ್ದರು. ಅಂದರೆ ಅರ್ಧ ಗಂಟೆ. ಅಂಗಳದಲ್ಲಿ ಇನ್ನೂ ಸೂಪು ನಡೆಯುತ್ತಿತ್ತು.

ವಾಸಿಸ್ ಅಡಿಗೆಮನೆಗೆ ನುಗ್ಗಿದ. ಬಡಿಸುವ ಹುಡುಗರ ಮುಂದಾಳು ಗಿತೋ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ.

"ಅನ್ನ ಹೊರಡಿಸು ಗಿತೋ, ಮಳೆ ಬರ್ತಿದೆ."

"ಕರೆಂಟು ಹೋಗಿ ಕೋಳಿ ಆರಿದೆ ಮಾಸ್. ಮತ್ತೆ ಬಿಸಿ ಮಾಡ್ತಿದಾರೆ, ಹತ್ತು ನಿಮಿಷ."

"ಹತ್ತು ನಿಮಿಷ ಎಲ್ಲಿದೆ? ಯಾವುದು ತಯಾರಿದೆ?"

"ಐಸ್."

"ಹಾಗಾದ್ರೆ ಐಸ್ ಹಂಚಿಬಿಡು. ಹಿಂದಿಂದೇ ಅನ್ನ ಬರ್ಲಿ. ಹೊಟ್ಟೆಗೆ ಹೋದ್ಮೇಲೆ ಯಾವುದು ಮುಂಚೆ, ಯಾವುದು ಹಿಂದೆ?"

ಗಿತೋ ತಲೆ ಕೆರೆದುಕೊಂಡ. "ಅನ್ನಕ್ಕೆ ಮುಂಚೆ ಐಸಾ? ನಮ್ಮಜ್ಜನ ಕಾಲದಿಂದ ಯಾರೂ ಹಂಗೆ ಕೊಟ್ಟಿಲ್ಲ."

"ನಿಮ್ಮಜ್ಜನ ಹತ್ರ ರಡಾರು ಇರಲಿಲ್ಲ. ಪಾಕ್ ಏನಂದಿದಾರೆ ಇವತ್ತು?"

ಪಾಕ್ ಹೇಳಿದ್ದು ಗಿತೋಗೆ ನೆನಪಿತ್ತು. ಹರಿವಾಣಗಳು ಹೊರಟವು.

ಸೂಪಿನ ಬಟ್ಟಲು ಕೆಳಗಿಟ್ಟವರ ಕೈಗೆ ಐಸಿನ ಲೋಟ ಬಂತು. ಅನ್ನ ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲ. ಕೇಳಿದರೆ ನಾವು ನಾವಾಗುತ್ತಿರಲಿಲ್ಲ. "ಅಕ್ಕಿ ದುಬಾರಿ ಕಾಲ, ಪಾಪ," ಎಂದು ಮುದುಕರೊಬ್ಬರು ಪಕ್ಕದವರಿಗೆ ಮೆಲ್ಲಗೆ ಹೇಳಿದರು. ಎಲ್ಲರೂ ತಲೆ ತಗ್ಗಿಸಿ ಐಸ್ ತಿಂದರು. ಅಂಗಿ ಸರಿಮಾಡಿಕೊಂಡರು. ಮೊದಲ ಸಾಲು ಎದ್ದಿತು, ಅದರ ಹಿಂದೆ ಎರಡನೆಯದು, ಆಮೇಲೆ ಇಡೀ ಅಂಗಳ ಎದ್ದಿತು. ವೇದಿಕೆಯ ಮೇಲಿದ್ದ ಗಂಡುಹೆಣ್ಣು ಕಕ್ಕಾಬಿಕ್ಕಿಯಾಗಿ, ಕೈಮುಟ್ಟಿಸಿಕೊಳ್ಳಲು ಬಾಗಿಲಿಗೆ ಓಡಿದರು. ಮೈಗೆ ಬಿಗಿದು ಸುತ್ತಿದ ಬಾಟಿಕ್‌ನಲ್ಲಿ ಮದುಮಗಳು ಓಡಲಾಗದೆ ಗುಬ್ಬಿಯಂತೆ ಕುಪ್ಪಳಿಸಿದಳು.

ಅರ್ಧ ಜನರ ಕೈ ಕುಲುಕಿದ ಮೇಲೆ ಪಾಕ್ ಮಂಗುನ್ ಅವರಿಗೆ ಹೊಳೆಯಿತು. ಬೀಗರ ಮುಖ ನೋಡಿದರು. ಬೀಗರು ತಮ್ಮ ಖಾಲಿ ಲೋಟ ನೋಡುತ್ತಿದ್ದರು.

"ಗಿತೋ," ಎಂದರು ಪಾಕ್ ಮಂಗುನ್, ಬಹಳ ಮೆಲ್ಲಗೆ. "ಅನ್ನ ಎಲ್ಲಿ?"

"ಬರ್ತಿದೆ ಪಾಕ್. ವಾಸಿಸ್ ಮಾಸ್ ಐಸ್ ಮುಂಚೆ ಕೊಡು ಅಂದ್ರು."

ವಾಸಿಸ್ ಮುಂದೆ ಬಂದು, "ಮಳೆ ಬರ್ತಿದೆ ಪಾಕ್, ಇನ್ನೇನು ಬಂದೇಬಿಡ್ತು," ಎಂದು ಆಕಾಶ ತೋರಿಸಿದ. ಎಲ್ಲರೂ ಮೇಲೆ ನೋಡಿದರು. ಬಿಸಿಲು ಕಣ್ಣು ಕುಕ್ಕುತ್ತಿತ್ತು.

ಬೀಗರನ್ನು ಉಪವಾಸ ಕಳಿಸಿದ ಮನೆ ಎಂಬ ಹೆಸರು ಮೂರು ತಲೆಮಾರಾದರೂ ಹೋಗುವುದಿಲ್ಲ. ಕರೆಂಟು ಮರಳಿತ್ತು. ಕಾರ್ಯಕ್ರಮ ನಿರೂಪಿಸುವವರು ಧ್ವನಿವರ್ಧಕ ಹಿಡಿದು, ಅತ್ಯಂತ ನಯವಾದ ಮಾತಿನಲ್ಲಿ, ಮಾನ್ಯ ಅತಿಥಿಗಳು ದಯವಿಟ್ಟು ಹಿಂದಿರುಗಬೇಕು, ಅನ್ನವು ತಮ್ಮ ದಾರಿ ಕಾಯುತ್ತಿದೆ ಎಂದು ಇಡೀ ಕೇರಿಗೆ ಸಾರಿದರು. ಹುಡುಗರು ಮೋಟಾರು ಸೈಕಲ್ಲುಗಳನ್ನು ಅಡ್ಡಗಟ್ಟಿದರು. ಆಗಲೇ ಮನೆ ಸೇರಿ ನೈಟಿ ತೊಟ್ಟಿದ್ದ ಬು ತುಮಿರಾ ಮತ್ತೆ ಉಟ್ಟು, ತೊಟ್ಟು, ತುರುಬು ಕಟ್ಟಿ ಬರಬೇಕಾಯಿತು. ಬರುವಾಗ ಕರಗಿ ನೀರಾದ ತನ್ನ ಫ್ರಿಜ್ಜಿನ ಸುದ್ದಿಯನ್ನೂ ತಂದಳು.

ಅಂತೂ ಎಲ್ಲರೂ ಕೂತರು. ಎಲ್ಲರ ಕೈಗೂ ಅನ್ನ, ಕೋಳಿ, ಖಾರದ ಸಂಬಲ್ ಚಟ್ನಿ ಇರುವ ತಟ್ಟೆ ಬಂತು. ಪಾಕ್ ಮಂಗುನ್ ಉಸಿರು ಬಿಟ್ಟರು. ಆಗ ಗಂಡಿನ ಸೋದರಮಾವನ ಸಂಬಲ್ ಮೇಲೆ ಟಪ್ ಎಂದು ಒಂದು ಹನಿ ಬಿತ್ತು.

ಆಮೇಲೆ ಹನಿಯ ಲೆಕ್ಕವಿಲ್ಲ. ಹೂವಿನ ಬಟ್ಟೆಯ ಶಾಮಿಯಾನ ನೀರು ಕುಡಿದು ಹೊಟ್ಟೆ ಇಳಿಬಿಟ್ಟಿತು, ಇಳಿಬಿಟ್ಟ ಹೊಟ್ಟೆ ಬೀಗರ ಸಾಲಿನ ಮೇಲೆ ಒಡೆಯಿತು. ತಟ್ಟೆಗಳಲ್ಲಿ ಅನ್ನ ತೇಲಿತು. ಪಾಕ್ ಮಂಗುನ್ ತೊಯ್ದ ಟೋಪಿಯಲ್ಲೇ ಹಿತ್ತಲಿಗೆ ಹೋದರೆ, ಕ್ರೊಮೊ ಅಜ್ಜ ಚಾಪೆ ಸುತ್ತುತ್ತಿದ್ದ.

"ಏನಜ್ಜಾ ಇದು? ಹಿಡೀತೀನಿ ಅಂದಿದ್ರಿ."

"ಹಿಡಿದೆನಲ್ಲ. ಐಸ್ ಬರೋವರೆಗೆ ಅಂದಿದ್ದೆ. ಐಸ್ ಬಂತು, ಜನ ಎದ್ರು, ನಾನೂ ಬಿಟ್ಟೆ."

"ಆ ಐಸ್ ತಪ್ಪಾಗಿ ಬಂದಿದ್ದು."

"ಅದು ಮೋಡಕ್ಕೆ ಹೇಗೆ ಗೊತ್ತಾಗ್ಬೇಕು?" ಎಂದ ಅಜ್ಜ. ಹಿಂದೆಯೇ ಬಂದವರೆಲ್ಲ ಜಗಲಿಯ ಹತ್ತಿರ ನಿಂತಿದ್ದ ವಾಸಿಸ್ ಕಡೆ ತಿರುಗಿದರು.

"ಆದ್ರೆ ಪಾಕ್, ಮಳೆ ಬರುತ್ತೆ ಅಂದೆ, ಬಂತಲ್ಲ," ಎಂದು ಅವನು, ಕರೆಂಟು ಮರಳಿದ ಮೇಲೆ ಜಗಲಿಗೆ ತಂದು ಸಿಕ್ಕಿಸಿ ಅದೇ ಅಳತೆಯ ಚಿತ್ರ ತೆರೆದಿಟ್ಟಿದ್ದ ಲ್ಯಾಪ್‌ಟಾಪನ್ನು ತಿರುಗಿಸಿ ತೋರಿಸಿದ. ಆ ಹೊತ್ತಿನಲ್ಲಿ ಆಡಬಾರದಿದ್ದ ಮಾತು ಏನಾದರೂ ಇದ್ದರೆ ಅದೇ. ಪೂರ್ವಂತಿ ಸೆರಗಿನಿಂದ ಪರದೆ ಒರೆಸಿ, ಹತ್ತಿರದಿಂದ ನೋಡಿದಳು.

"ಮಾಸ್, ಈ ಇಪ್ಪತ್ತರ ಪಕ್ಕದಲ್ಲಿರೋ ಸಣ್ಣಕ್ಷರ ಏನು?"

ವಾಸಿಸ್ ನೋಡಿದ. ಮೈಲಿ. ದೂರದೇಶದವರು ತಮ್ಮ ಅಳತೆಯಲ್ಲೇ ಮಾಡಿಟ್ಟಿದ್ದರು. ಇಪ್ಪತ್ತು ಮೈಲಿ ಎಂದರೆ ಮೂವತ್ತೆರಡು ಕಿಲೋಮೀಟರು. ಅವನು ಏನೂ ಮಾಡದೆ ಕೈಕಟ್ಟಿ ಕೂತಿದ್ದರೆ ಜನ ಅನ್ನ ತಿಂದು, ಐಸ್ ತಿಂದು, ಮನೆ ಸೇರಿ ಬಾಗಿಲು ಹಾಕಿಕೊಂಡ ಮೇಲೆ ಮಳೆ ಬರುತ್ತಿತ್ತು. ಅವನಿಗೆ ಅಳು ಬಂತು, ಆದರೆ ಮಳೆಯಲ್ಲಿ ಯಾರಿಗೂ ಕಾಣಲಿಲ್ಲ.

"ಯೋಚ್ನೆ ಮಾಡಿ ಪಾಕ್," ಎಂದಳು ಬು ತುಮಿರಾ, ವಾಸಿಸ್‌ಗೂ ಕೇಳುವಂತೆ. "ಅನ್ನಕ್ಕೆ ಮುಂಚೆ ಐಸ್ ಕೊಡೋನು, ಮದುವೆಗೆ ಮುಂಚೆ ತೊಟ್ಟಿಲು ತರೋನೇ."

ವಾಸಿಸ್ ಜಗಲಿಯ ಮೂಲೆಗೆ ಹೋಗಿ ಕೂತ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಆ ಕಡೆ ಪಾಕ್ ಮಂಗುನ್ ಅವನತ್ತ ಕೈ ತೋರಿಸಿ ಮಗಳಿಗೆ ಏನೋ ಹೇಳುವುದು ಕಂಡಿತು. ಬೈದಂತೆ ಕಾಣಲಿಲ್ಲ. ಅವರ ಮುಖದಲ್ಲಿ ಸಣ್ಣ ನಗುವೂ ಇತ್ತು. ಎಷ್ಟಾದರೂ ದೊಡ್ಡ ಮನುಷ್ಯರು, ಹಸಿದವನನ್ನು ಹಾಗೇ ಬಿಟ್ಟಾರೆಯೇ ಎಂದುಕೊಂಡ. ಸೋಮವಾರದ ಆಸೆ ಮತ್ತೆ ಚಿಗುರಿತು. ಅಪ್ಪನಿಗೆ ಯಾವ ಅಂಗಿ ಹಾಕಿಸುವುದು ಎಂಬವರೆಗೂ ಯೋಚನೆ ಹೋಯಿತು.

ಪೂರ್ವಂತಿ ಒಂದು ಹರಿವಾಣ ಹಿಡಿದು ಬಂದಳು. ಮೇಲೆ ಬಟ್ಟೆ ಮುಚ್ಚಿತ್ತು. ಅವಳು ತಲೆಯೆತ್ತಿ ನೋಡಲಿಲ್ಲ.

"ಅಪ್ಪ ಕಳಿಸಿದಾರೆ ಮಾಸ್."

ಅವನು ಬಟ್ಟೆ ತೆಗೆದ. ಒಂದು ಲೋಟ ಐಸ್ ಇತ್ತು.

"ಅನ್ನ?" ಎಂದ.

"ಬರೀ ಇದೇ."

ವಾಸಿಸ್ ಅದನ್ನು ತಿಂದ. ಅಂಗಿ ಸರಿಮಾಡಿಕೊಂಡು ಎದ್ದ.