ಬುತ್ತಿ ಇಳಿಸಿಕೊಳ್ಳುವವರು ಯಾರು?

ನಾನು ದಾಂಡೇಲಿಯ ಸೈಕಲ್ ಕ್ಲಬ್ಬಿಗೆ ಸೇರಿ ಇನ್ನೂ ತಿಂಗಳಾಗಿರಲಿಲ್ಲ. ಆದರೂ ಗಣೇಶಗುಡಿ ಸವಾರಿಯ ಸಭೆಯಲ್ಲಿ, "ಮಧ್ಯಾಹ್ನದ ಊಟದ್ದು ಹೆಂಗ?" ಎಂದು ಅಧ್ಯಕ್ಷ ದೇಸಾಯಿ ಸರ್ ಕೇಳಿದಾಗ ಎಲ್ಲರೂ ಮೊಬೈಲ್ ನೋಡತೊಡಗಿದರು. ಎದ್ದು ನಿಂತ ವೀರ ನಾನೊಬ್ಬನೇ.

"ಅದನ್ನ ನನಗ ಬಿಡ್ರಿ ಸರ್."

"ಹೆಂಗ ತರ್ತೀರಿ?"

"ಹೆಂಗರ ತರ್ತೇನ್ರಿ. ನೀವು ಹಸಕೊಂಡು ಬರ್ರಿ ಸಾಕು."

ದೇಸಾಯಿ ಸರ್ ನಿವೃತ್ತ ಪಿ.ಟಿ. ಮಾಸ್ತರರು. ಯಾರನ್ನೂ ಸುಲಭವಾಗಿ ನಂಬುವವರಲ್ಲ. ನನ್ನ ಹೊಟ್ಟೆಯನ್ನೊಮ್ಮೆ ನೋಡಿ, "ಇದೊಂದು ಸುಸೂತ್ರ ಆತಂದ್ರ ಮುಂದಿನ ಸವಾರಿಗೆ ನೀವ ಕ್ಯಾಪ್ಟನ್," ಎಂದರು. ಕ್ಯಾಪ್ಟನ್! ಮನೆಗೆ ಹೋಗುವಾಗ ನನ್ನ ಸೈಕಲ್ಲು ನೆಲ ಮುಟ್ಟಲೇ ಇಲ್ಲ.

ನನ್ನ ಯೋಜನೆ ಬಹಳ ಸರಳವಾಗಿತ್ತು. ನಮ್ಮ ಕಡೆ ಬುತ್ತಿಯ ಜೊತೆ ಮನುಷ್ಯರು ಹೋಗಬೇಕೆಂದೇನಿಲ್ಲ. ಗಂಟು ಕಟ್ಟಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರಾಯಿತು, ಆ ತುದಿಯಲ್ಲಿ ಒಬ್ಬರು ನಿಂತು ಇಳಿಸಿಕೊಳ್ಳುತ್ತಾರೆ. ನಾನು ಧಾರವಾಡದಲ್ಲಿ ಕಾಲೇಜು ಓದಿದ್ದೇ ಹೀಗೆ ಬಂದ ರೊಟ್ಟಿ ತಿಂದು.

ನನ್ನ ಹೆಂಡತಿ ಶಕುಂತಲಾ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಎಲ್ಲಕ್ಕೂ ಒಪ್ಪಿದಳು. ಗಣೇಶಗುಡಿ ದಾಟಿ ಹೋಗುವ ಜೋಯಿಡಾ ಬಸ್ಸಿಗೆ ಗಂಟು ಕೊಡಲೂ ಒಪ್ಪಿದಳು. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದಳು.

"ಗಣೇಶಗುಡಿ ಒಳಗ ಇಳಿಸ್ಕೊಳ್ಳಾವ್ರು ಯಾರು?"

"ನಾನ."

"ನೀವು ಸೈಕಲ್ ಮ್ಯಾಲೆ ಹೊಂಟೀರಿ."

"ನಾವು ನಸುಕಿನ್ಯಾಗ ಬಿಡ್ತೇವಿ. ಬಸ್ ಎಷ್ಟೊತ್ತಿಗೋ ಬಿಡ್ತದ. ಅದು ಬರೂದ್ರಾಗ ನಾ ಅಲ್ಲಿ ಚಾ ಕುಡಕೋತ ಕುಂತಿರ್ತೇನಿ."

"ಹ್ಞೂಂ," ಎಂದಳು. ಮದುವೆಯಾದ ಗಂಡಸರಿಗೆ ಈ 'ಹ್ಞೂಂ'ನ ಅರ್ಥ ಗೊತ್ತಿರಬೇಕು. ನನಗೆ ಅಂದು ಗೊತ್ತಾಗಲಿಲ್ಲ.

ಸವಾರಿಯ ಸಂಭ್ರಮಕ್ಕೆ ಹಿಂದಿನ ರಾತ್ರಿ ನಿದ್ದೆಯೇ ಬರಲಿಲ್ಲ. ಸುಮ್ಮನೆ ಇರಲಾರದೆ ಎದ್ದು ಸೈಕಲ್ ಚೈನಿಗೆ ಎಣ್ಣೆ ಬಿಟ್ಟೆ. ಕೈಗೆ ಸಿಕ್ಕಿದ್ದು ಅಡುಗೆಮನೆಯ ಶೇಂಗಾ ಎಣ್ಣೆ. ಎಣ್ಣೆ ಎಂದರೆ ಎಣ್ಣೆಯೇ ಅಲ್ಲವೇ!

ಅಲ್ಲ. ಊರು ದಾಟಿ ಕಾಡಿನ ರಸ್ತೆ ಹಿಡಿಯುವ ಹೊತ್ತಿಗೆ ಕೆಂಪು ಧೂಳು ಆ ಎಣ್ಣೆಯೊಂದಿಗೆ ಕಲೆತು ಗಟ್ಟಿ ಚಟ್ನಿಯಾಗಿ ಚೈನು ಕಚ್ಚಿಕೊಂಡಿತು. ಉಳಿದವರು ನಿಲ್ಲಲು ಬಂದರೆ, "ನೀವು ನಡೀರಿ, ನಾ ಹಿಂದಿಂದ ಬಂದು ಹಿಡೀತೇನಿ," ಎಂದು ಕಳಿಸಿಬಿಟ್ಟೆ. ಊಟ ಬಸ್ಸಿನಲ್ಲಿ ಬರುತ್ತದೆ ಎಂಬ ಗುಟ್ಟನ್ನು ಹೇಳಲಿಲ್ಲ. ಕ್ಯಾಪ್ಟನ್ ಆಗುವವನು ಎಲ್ಲವನ್ನೂ ಹೇಳುತ್ತಾನೆಯೇ? ಕಡ್ಡಿಯಿಂದ ಕೆರೆದು ಕೆರೆದು ಚೈನು ಬಿಡಿಸಿ ಹೊರಟೆ. ಸ್ವಲ್ಪ ದೂರ ಹೋಗುವುದರೊಳಗೆ ಹಿಂದೆ ಪರಿಚಿತ ಹಾರನ್ ಕೇಳಿಸಿತು. ಜೋಯಿಡಾ ಬಸ್ಸು!

ಅದರೊಳಗೆ ಇಡೀ ಕ್ಲಬ್ಬಿನ ಊಟವಿದೆ. ಇಳಿಸಿಕೊಳ್ಳಬೇಕಾದ ನಾನು ಅದರ ಮುಂದಿನ ಚಕ್ರದ ಪಕ್ಕದಲ್ಲಿದ್ದೇನೆ!

ಜೀವ ಬಿಟ್ಟು ತುಳಿದೆ. ಬಸ್ಸು ನನ್ನನ್ನು ದಾಟಿತು. ಮುಂದಿನ ಹಳ್ಳಿಯಲ್ಲಿ ಜನ ಹತ್ತಲು ನಿಂತಾಗ ನಾನು ಅದನ್ನು ದಾಟಿದೆ. ಮತ್ತೆ ಅದು, ಮತ್ತೆ ನಾನು. ಕಿಟಕಿಯಲ್ಲಿ ತಲೆಗಳು ಹೊರಬಂದವು. ಬುಟ್ಟಿ ಹಿಡಿದ ಅಜ್ಜಿಯೊಬ್ಬಳು, "ತುಳಿಯೋ ಯಪ್ಪಾ, ತುಳಿ," ಎಂದು ಹುರಿದುಂಬಿಸಿದಳು. ನಿಜ ಹೇಳುತ್ತೇನೆ, ಬದುಕಿನಲ್ಲಿ ಅಷ್ಟು ಖುಷಿ ನಾನು ಪಟ್ಟದ್ದು ಕಡಿಮೆ. ಆದರೆ ಏರು ಬಂತು. ಬಸ್ಸಿಗೆ ಎಂಜಿನ್ ಇತ್ತು.

ಕೈ ಬೀಸಿದೆ. ಬಸ್ಸು ನಿಂತಿತು. ನಮ್ಮ ಮನೆಯವರಿಗೆಲ್ಲ ಪರಿಚಯವಿದ್ದ, ಹಳಿಯಾಳ ಕಡೆಯ ಕಂಡಕ್ಟರ್ ಇನಾಸಣ್ಣ ಬಾಗಿಲಿಂದ ಬಗ್ಗಿದ.

"ಹತ್ತತೀರೇನ್ರಿ ಸರ? ನಿಮ್ಮ ಮನಿಯವ್ರು ಕೊಟ್ಟ ಗಂಟೂ ಇಲ್ಲೇ ಐತಿ."

ಸೈಕಲ್ ಬಸ್ಸಿನ ನೆತ್ತಿ ಏರಿತು. ನಾನು ಹಿಂದಿನ ಸೀಟಿನಲ್ಲಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಗಣೇಶಗುಡಿ ಇನ್ನೊಂದು ತಿರುವು ಇರುವಾಗಲೇ ಇಳಿದು, ಗಂಟು ಬೆನ್ನಿಗೆ ಕಟ್ಟಿಕೊಂಡು, ಸೈಕಲ್ ಮೇಲೆಯೇ ಗಂಭೀರವಾಗಿ ಪ್ರವೇಶಿಸುವುದೆಂದು ನಿಶ್ಚಯಿಸಿದೆ. ದಾರಿಯಲ್ಲಿ ಕ್ಲಬ್ಬಿನವರು ಕಂಡರೆ? ಮಾನ ಕಾಪಾಡಲು ಟವೆಲ್ಲನ್ನು ತಲೆಯ ಮೇಲಿಂದ ಮುಸುಕು ಹಾಕಿಕೊಂಡೆ. ಒಳಗೆ ತಂಪಾದ ಕತ್ತಲೆ, ಎಣ್ಣೆಗಾಯಿಯ ಪರಿಮಳ. ಹಿಂದಿನ ರಾತ್ರಿಯ ನಿದ್ದೆ ಬಾಕಿ ಇತ್ತು.

ಕಣ್ಣು ಬಿಟ್ಟಾಗ ಬಸ್ಸು ಖಾಲಿ. ಇನಾಸಣ್ಣ ಭುಜ ಅಲುಗಿಸುತ್ತಿದ್ದ.

"ಸರ, ಜೋಯಿಡಾ ಬಂತು."

"ಗಣೇಶಗುಡಿ?"

"ಹೋಗಿ ಭಾಳ ಹೊತ್ತಾತು. ನಾ ಬಂದು ಕೇಳಿದ್ನಲ್ಲ, ಇಳೀತೀರೇನು ಅಂತ. ಮುಸುಕಿನ ಒಳಗಿಂದ 'ಮುಂದ ಹೋಗೂಣು, ಮುಂದ ಹೋಗೂಣು' ಅಂದ್ರಿ. ಏನೋ ಕೆಲಸ ಇರಬೇಕಂತ ಬಿಟ್ಟೆ."

ಕನಸಿನಲ್ಲಿ ನಾನು ಕ್ಯಾಪ್ಟನ್ ಆಗಿದ್ದೆ. ಅದನ್ನು ಅವನಿಗೆ ಹೇಗೆ ಹೇಳಲಿ?

ಮೊಬೈಲ್ ತುಂಬ ದೇಸಾಯಿ ಸರ್ ಮಾಡಿದ ಕರೆಗಳು. ಅಷ್ಟರಲ್ಲಿ ಶಕುಂತಲಾಳ ಫೋನು ಬಂತು.

"ಎಲ್ಲಿದ್ದೀರಿ? ದೇಸಾಯಿ ಸರ್ ಫೋನ್ ಮಾಡಿದ್ರು. ಅಲ್ಲೆ ಎಲ್ಲಾರೂ ಹಸಕೊಂಡು ಕುಂತಾರಂತ."

"ಜೋಯಿಡಾದಾಗ."

"ಬುತ್ತಿ?"

"ನನ್ನ ಕೂಡ ಐತಿ."

"ಸೈಕಲ್?"

"ಅದೂ ಐತಿ."

ಮತ್ತೆ ಅದೇ "ಹ್ಞೂಂ." ಈ ಸಲ ಅರ್ಥವಾಯಿತು. "ಫೋನ್ ಕಂಡಕ್ಟರಗ ಕೊಡ್ರಿ," ಎಂದಳು. ಇನಾಸಣ್ಣ ಅಷ್ಟು ದೂರ ಹೋಗಿ ಮಾತಾಡಿದ. ಹತ್ತು ಸಲ "ಆತ್ರಿ ಅಕ್ಕಾರ" ಎಂದ. ಬಸ್ಸು ತಿರುಗಿ ದಾಂಡೇಲಿಗೆ ಹೊರಡುವಾಗ ನನ್ನನ್ನು ತನ್ನ ಪಕ್ಕದ ಸೀಟಿನಲ್ಲೇ ಕೂರಿಸಿಕೊಂಡು, ಟವೆಲ್ಲನ್ನು ತನ್ನ ಚೀಲದೊಳಗೆ ಇಟ್ಟುಕೊಂಡ.

ಗಣೇಶಗುಡಿ ಸ್ಟ್ಯಾಂಡಿನಲ್ಲಿ ಇಡೀ ಕ್ಲಬ್ಬು ಸಾಲಾಗಿ ನಿಂತಿತ್ತು. ನಾನು ಮುಖ ತೋರಿಸುವ ಮೊದಲೇ ಇನಾಸಣ್ಣ ಕೆಳಗೆ ಹಾರಿ, ಶಕುಂತಲಾ ಹೇಳಿಕೊಟ್ಟಂತೆಯೇ ಕೂಗಿದ.

"ದಾಂಡೇಲಿ ಪಾರ್ಸಲ್ ಇಳಿಸ್ಕೊಳ್ಳಾವ್ರು ಯಾರ್ರಿ?"

ದೇಸಾಯಿ ಸರ್ ಮುಂದೆ ಬಂದರು. ಮೊದಲು ಗಂಟು ಇಳಿಸಿಕೊಂಡರು. ಮೂಸಿ ನೋಡಿ ತಲೆದೂಗಿದರು. ಆಮೇಲೆ ಮೇಲಿನಿಂದ ಸೈಕಲ್ ಇಳಿಸಿಕೊಂಡರು. ಇನ್ನೇನು ಎಲ್ಲರೂ ಊಟಕ್ಕೆ ಹೊರಡುತ್ತಿದ್ದರು.

"ಇನ್ನೊಂದು ಐತ್ರಿ," ಎಂದ ಇನಾಸಣ್ಣ, ನನ್ನ ಕಡೆ ಕೈ ತೋರಿಸಿ.

ದೇಸಾಯಿ ಸರ್ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಹ್ಞಾಂ, ಅದನ್ನೂ ಇಳಸ್ರಿ. ಗಂಟು ಕಟ್ಟಿದವ್ರು ನಾಳೆ ಕೇಳಿದ್ರ ಏನಂತ ಹೇಳೂಣು?"