ಬಿಡಿಸಲು ಬಂದವರ ಜೇಬು ಹೊಲಿಸುವ ಬಗ್ಗೆ

ಸಂಖ್ಯೆ: ಸಕ್ಕರೆ/ಹೊಗೆ/ತರಬೇತಿ/38

ವಿಷಯ: ಸಕ್ಕರೆ ಕಾಯಿಲೆಯವರ ಸಿಗರೇಟು ಬಿಡಿಸುವ ತರಬೇತಿಯಲ್ಲಿ ಆರೋಗ್ಯ ಸಿಬ್ಬಂದಿಯೇ ಸೇದಿದ ಕುರಿತು.

ಉಲ್ಲೇಖ: 1. ಹಿಂದಿನ ಸುತ್ತೋಲೆ (ಸಿಕ್ಕಿರುವುದಿಲ್ಲ). 2. ದರ್ಜಿಯ ಹೆಂಡತಿಯ ಬಾಯಿಮಾತಿನ ದೂರು (ಮರೆಯಲಾಗುತ್ತಿಲ್ಲ).

ಸದರಿ ತರಬೇತಿಗೆ ಮೂರು ದಿನ, ಮೂವತ್ತೆಂಟು ಸಿಬ್ಬಂದಿ, ನೂರಾ ಹದಿನಾಲ್ಕು ಲೋಟ ಸಪ್ಪೆ ಚಹಾ ಹಾಗೂ ಒಬ್ಬ ದರ್ಜಿ ಖರ್ಚಾಗಿರುತ್ತಾರೆ. ದರ್ಜಿಯನ್ನು ಅಭ್ಯಾಸದ ರೋಗಿಯಾಗಿ ಕರೆತರಲಾಗಿತ್ತು. ಇವರ ಎಡಗಾಲಿನ ಹೆಬ್ಬೆರಳ ಗಾಯ ನಾಲ್ಕು ತಿಂಗಳಿಂದ ಒಣಗಿರಲಿಲ್ಲ; ಸೇದುವುದು ನಿಲ್ಲದಿದ್ದರೆ ಬೆರಳು ಉಳಿಯುವುದು ಕಷ್ಟವೆಂದು ತಿಳಿಸಲಾಗಿತ್ತು. ಮೂವತ್ತೆಂಟು ಮಂದಿಯೂ ಸರದಿಯಂತೆ ಬುದ್ಧಿ ಹೇಳಿ, ನಯವಾಗಿ ಅವರ ಸಿಗರೇಟು ಇಸಿದುಕೊಂಡು, ನೀರಿನ ಟ್ಯಾಂಕಿನ ಹಿಂದೆ ಹೋಗಿ ಸೇದಿರುತ್ತಾರೆ. ಆದ್ದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ:

1. ಟ್ಯಾಂಕಿನ ಹಿಂಭಾಗವು ಕಸದ ಬುಟ್ಟಿಯಲ್ಲ.

2. ಬುದ್ಧಿ ಹೇಳುವ ಮುನ್ನ ಬಾಯಿ ಮುಕ್ಕಳಿಸತಕ್ಕದ್ದು. ಪೆಪ್ಪರ್‌ಮಿಂಟ್ ಚೀಪುತ್ತ ಬಂದವರನ್ನು ಸೇದಿ ಬಂದವರೆಂದೇ ಪರಿಗಣಿಸಲಾಗುವುದು.

3. ರೋಗಿಯ ಬಳಿ ಬೆಂಕಿಪೊಟ್ಟಣ ಕೇಳತಕ್ಕದ್ದಲ್ಲ. ತೀರಾ ತಡೆಯದಿದ್ದಲ್ಲಿ ನಮೂನೆ-4ರಲ್ಲಿ ಮೂರು ಪ್ರತಿಗಳಲ್ಲಿ ಕೋರತಕ್ಕದ್ದು. ಎರಡನೆಯ ಪ್ರತಿ ಬರೆಯುವಷ್ಟರಲ್ಲಿ ಆಸೆ ಇಳಿಯುತ್ತದೆ. ನಮೂನೆಯ ಉದ್ದೇಶವೇ ಅದು.

4. ಶ್ವಾಸಕೋಶದ ಚಿತ್ರಪಟದ ಹಿಂದೆ ನಿಂತು ಸೇದತಕ್ಕದ್ದಲ್ಲ. ಎರಡನೆಯ ದಿನ ಚಿತ್ರದ ಮೇಲಿಂದ ಹೊಗೆ ಬಂದಾಗ ಪ್ರಾತ್ಯಕ್ಷಿಕೆಯೆಂದು ತಿಳಿದು ಚಪ್ಪಾಳೆ ತಟ್ಟಲಾಗಿರುತ್ತದೆ.

5. ಮೂರನೆಯ ದಿನ ದರ್ಜಿಯು ತಮ್ಮ ಅಂಗಿಯ ಜೇಬಿನ ಬಾಯಿಯನ್ನು ಹೊಲಿದುಕೊಂಡು ಬಂದು, "ನಿಮಗೆಲ್ಲ ಹಂಚೋಕೆ ನಾನೇನು ಅಂಗಡಿ ಇಟ್ಟಿದೀನಾ ಸ್ವಾಮಿ? ನನಗೂ ಬೇಡ, ನಿಮಗೂ ಬೇಡ. ಬಿಚ್ಚಿ ಕೋಟು" ಎಂದು ನುಡಿದಿರುತ್ತಾರೆ. ಈ ಮಾತನ್ನು ಪಠ್ಯಕ್ರಮಕ್ಕೆ ಸೇರಿಸಿ, ಉಳಿದ ಪಠ್ಯಕ್ರಮವನ್ನು ಕೈಬಿಡಲಾಗಿದೆ.

6. ಅದರನ್ವಯ ಮೂವತ್ತೆಂಟು ಕೋಟುಗಳ ಜೇಬು ಹೊಲಿಸಲಾಗಿದೆ. ಥರ್ಮಾಮೀಟರನ್ನು ಕಿವಿಯ ಸಂದಿಯಲ್ಲಿ ಇಟ್ಟುಕೊಳ್ಳತಕ್ಕದ್ದು. ಅಲ್ಲಿ ಅದು ತೋರಿಸುವ ಜ್ವರಕ್ಕೆ ರಜೆ ಇರುವುದಿಲ್ಲ.

7. ಹೊಲಿಗೆ ಬಿಚ್ಚಿದವರನ್ನು ದರ್ಜಿಯ ಹೆಂಡತಿಯ ಮುಂದೆ ಹಾಜರುಪಡಿಸಲಾಗುವುದು. ಇದರ ಮೇಲೆ ಮೇಲ್ಮನವಿಗೆ ಅವಕಾಶವಿಲ್ಲ.

(ಸಹಿ ಇಲ್ಲ, ಪೆನ್ನು ಜೇಬಿನೊಳಗೇ ಹೊಲಿಗೆಯಾಗಿರುತ್ತದೆ)
ತರಬೇತಿ ಅಧೀಕ್ಷಕರು

ಪ್ರತಿಗಳು:
1. ಮೂವತ್ತೆಂಟು ಸಿಬ್ಬಂದಿಗೆ, ಕೈಯಲ್ಲೇ ಹಿಡಿದುಕೊಳ್ಳಲು.
2. ಟ್ಯಾಂಕಿನ ಹಿಂದಿನ ಗೋಡೆಗೆ, ಅಂಟಿಸಲು.
3. ದರ್ಜಿಯ ಹೆಂಡತಿಗೆ, ಮಾಹಿತಿಗಾಗಿ. ಅವರಿಗೆ ಮೊದಲೇ ಗೊತ್ತಿರುತ್ತದೆ.
4. ಕಡತಕ್ಕೆ, ಎರಡು ತಿಂಗಳ ನಂತರ ಬರೆದ ಈ ಷರಾದೊಂದಿಗೆ: ದರ್ಜಿಯ ಗಾಯ ಒಣಗಿದೆ. ಕಳೆದದ್ದು ಅಧೀಕ್ಷಕರದೂ ಸೇರಿ ನಲವತ್ತು ಜೇಬು, ಉಳಿದದ್ದು ಒಂದು ಹೆಬ್ಬೆರಳು.